ವೃತ್ತಗಳ ಊರಿನಲ್ಲಿ ಒಂದು ಸೈಕಲ್ ಪಾಠ

ಮೈಸೂರನ್ನು ಅರಮನೆಗಳ ಊರೆಂದು ಕರೆಯುವುದು ವಾಡಿಕೆ. ಆದರೆ ಸೈಕಲ್ಲನ್ನೇರಿ ಇಲ್ಲಿನ ಬೀದಿಗಳನ್ನು ಸುತ್ತುವವನಿಗೆ ಇದು ವೃತ್ತಗಳ ಊರಾಗಿಯೇ ಕಾಣುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಪ್ರತಿಮೆ ನಿಂತಿರುವ ಕೃಷ್ಣರಾಜ ವೃತ್ತ, ಅದಕ್ಕೆ ಕೂಗಳತೆಯಲ್ಲಿಯೇ ಚಾಮರಾಜ ವೃತ್ತ, 1947ರ ‘ಮೈಸೂರು ಚಲೋ’ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರನ್ನು ಹೊತ್ತ ರಾಮಸ್ವಾಮಿ ವೃತ್ತ—ಹೀಗೆ ಒಂದನ್ನು ದಾಟಿದರೆ ಇನ್ನೊಂದು. ನೋಡುವ ಕಣ್ಣಿಗೆ ಇವು ಊರಿನ ಅಲಂಕಾರ. ಹೊಸದಾಗಿ ಸೈಕಲ್ ಕಲಿತವರಿಗೆ ಮಾತ್ರ ಒಂದೊಂದೂ ಒಂದೊಂದು ಪರೀಕ್ಷೆ.

ಸೈಕಲ್ ತುಳಿಯಲು ಕಲಿಯುವುದು ಒಂದು ವಿದ್ಯೆ. ಸಂಚಾರದ ನಡುವೆ ಅದನ್ನು ನಡೆಸಲು ಕಲಿಯುವುದು ಇನ್ನೊಂದು ವಿದ್ಯೆ. ಮೊದಲನೆಯದನ್ನು ನಮ್ಮಲ್ಲಿ ಅಣ್ಣಂದಿರೋ ಓರಗೆಯವರೋ ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತ ಕಲಿಸುತ್ತಾರೆ. ಎರಡನೆಯದನ್ನು ಕಲಿಸುವವರು ವಿರಳ. ನೆದರ್ಲೆಂಡ್ಸ್ ದೇಶದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ನಿಜವಾದ ರಸ್ತೆಯ ಮೇಲೆಯೇ ಸೈಕಲ್ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಮುದ್ದಾದ ಹೆಸರಿನಿಂದ, 48 ನಿಲ್ದಾಣಗಳಲ್ಲಿ 450 ಸೈಕಲ್ಲುಗಳನ್ನಿರಿಸಿ, ಸಾರ್ವಜನಿಕ ಸೈಕಲ್ ವ್ಯವಸ್ಥೆಯೇ ತೊಡಗಿತು. ಸೈಕಲ್ಲೇನೋ ಕೈಗೆ ಬಂದಿತು. ಅದನ್ನು ರಸ್ತೆಗಿಳಿಸುವ ಪಾಠ ಹೆಚ್ಚಾಗಿ ಮನೆಯವರ ಹೊಣೆಯಾಗಿಯೇ ಉಳಿಯಿತು.

ನಮ್ಮ ಮನೆಯಲ್ಲಿ ಆ ಹೊಣೆ ನನ್ನ ಪಾಲಿಗೆ ಬಂದದ್ದು ಅತ್ತಿಗೆಯವರಿಂದ. ನಲವತ್ತನಾಲ್ಕರ ವಯಸ್ಸಿನಲ್ಲಿ ಅವರಿಗೆ ಅಗ್ರಹಾರದ ಕಡೆಯ ಶಾಲೆಯೊಂದರಲ್ಲಿ ಅಧ್ಯಾಪಿಕೆಯ ಕೆಲಸ ದೊರೆಯಿತು. ಸರಸ್ವತೀಪುರದ ಮನೆಯಿಂದ ಮೂರು ಕಿಲೋಮೀಟರಿನಷ್ಟು ದೂರ. ದಿನವೂ ಎರಡು ಹೊತ್ತು ಆಟೋರಿಕ್ಷಾ ಹಿಡಿದರೆ ಸಂಬಳದಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. “ಸೈಕಲ್ ಕಲಿಯುತ್ತೇನೆ” ಎಂದರು. ಅಣ್ಣ ಪತ್ರಿಕೆಯಿಂದ ತಲೆಯೆತ್ತಿ, “ಈ ವಯಸ್ಸಿನಲ್ಲಿ ಬಿದ್ದು ಕೈಕಾಲು ಮುರಿದುಕೊಂಡರೆ?” ಎಂದ. ಅತ್ತಿಗೆ ನಕ್ಕರು. “ನಂಜನಗೂಡಿನಲ್ಲಿ ನನ್ನ ತಮ್ಮಂದಿರೆಲ್ಲ ಒಳಪೆಡಲು ತುಳಿದು ಕಲಿತರು. ಹೆಣ್ಣುಮಗಳು ಬಿದ್ದರೆ ಎಂದು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಮೂವತ್ತು ವರ್ಷದ ಹಿಂದೆ ಕೇಳಿದ ಮಾತನ್ನೇ ಇವತ್ತೂ ಕೇಳಬೇಕೆ?” ಅಣ್ಣ ಮತ್ತೆ ಮಾತನಾಡಲಿಲ್ಲ.

ಮೊದಲ ಪಾಠಶಾಲೆ ಮಾನಸಗಂಗೋತ್ರಿ. ಕುವೆಂಪು ಅವರ ಕನಸಿನಲ್ಲಿ ರೂಪುಗೊಂಡು 1960ರಲ್ಲಿ ನೆಲೆಗೊಂಡ ಈ ವಿದ್ಯಾಕ್ಷೇತ್ರದ ರಸ್ತೆಗಳಲ್ಲಿ ಬೆಳಗಿನ ಹೊತ್ತು ವಾಯುವಿಹಾರಿಗಳೂ ಹಕ್ಕಿಗಳೂ ಬಿಟ್ಟರೆ ಹೆಚ್ಚಿನ ಸಂಚಾರವಿರುವುದಿಲ್ಲ. ಅಲ್ಲಿ ಎರಡೂ ಪೆಡಲುಗಳನ್ನು ಬಿಚ್ಚಿಟ್ಟು, ಅಂಗಾಲು ಪೂರ್ತಿ ನೆಲಕ್ಕೆ ತಾಗುವಂತೆ ಸೀಟನ್ನು ತಗ್ಗಿಸಿದೆವು. ಇದು ಹೊಸ ಉಪಾಯವೇನಲ್ಲ. ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತ 1817ರಲ್ಲಿ ಓಡಿಸಿ ತೋರಿಸಿದ ದ್ವಿಚಕ್ರಕ್ಕೆ ಪೆಡಲೇ ಇರಲಿಲ್ಲ. ಕಾಲಿನಿಂದ ನೆಲವನ್ನು ಒದೆಯುತ್ತ ಮುಂದೆ ಸಾಗಬೇಕಾಗಿತ್ತು. ಕಲಿಯುವವರಿಗೂ ಅದೇ ಕ್ರಮ ಲೇಸು. ನೆಲವನ್ನು ಒದ್ದು, ಎರಡೂ ಕಾಲನ್ನೆತ್ತಿ, ಕ್ಷಣಕಾಲ ತೇಲುವುದು. ಸೈಕಲ್ಲು ಯಾವ ಕಡೆಗೆ ವಾಲುವುದೋ ಆ ಕಡೆಗೇ ಹ್ಯಾಂಡಲ್ಲನ್ನು ತುಸು ತಿರುಗಿಸಿದರೆ ಅದು ತಾನಾಗಿ ನೆಟ್ಟಗಾಗುತ್ತದೆ. ಹೆದರಿ ಎದುರು ದಿಕ್ಕಿಗೆ ಎಳೆದರೆ ಬೀಳುವುದು ಖಂಡಿತ. ನಾಲ್ಕನೆಯ ದಿನಕ್ಕೆ ತೇಲುವುದು ಕೈಗೂಡಿತು. ಪೆಡಲುಗಳನ್ನು ಮತ್ತೆ ಕೂಡಿಸಿದೆವು. ಸೀರೆಯ ಸೆರಗು ಚಕ್ರಕ್ಕೆ ಸಿಕ್ಕದಂತೆ ಬಲೆ, ಚೈನಿಗೆ ಪೂರ್ತಿ ಮುಚ್ಚುವ ಕವರು, ನಡುವೆ ಅಡ್ಡಕೊಳವೆಯಿಲ್ಲದ ಚೌಕಟ್ಟು—ಇಷ್ಟು ಅನುಕೂಲವಿದ್ದರೆ ಉಡುಪು ಅಡ್ಡಿಯಾಗುವುದಿಲ್ಲ.

ಎರಡನೆಯ ಪಾಠಶಾಲೆ ಸರಸ್ವತೀಪುರದ ಒಳಬೀದಿಗಳು. ಇಲ್ಲಿ ಕಲಿಯಬೇಕಾದದ್ದು ಮೂರು. ಸುಣ್ಣದಲ್ಲಿ ಗೀಟು ಎಳೆದಂತೆ ನೇರವಾಗಿ ಹೋಗುವುದು. ಬಲಭುಜದ ಮೇಲಿಂದ ಹಿಂದಿರುಗಿ ನೋಡಿದಾಗಲೂ ಆ ಗೀಟಿನಿಂದ ಕದಲದಿರುವುದು. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದನ್ನು ಚಾಚಿ ತಿರುಗುವ ದಿಕ್ಕನ್ನು ತೋರಿಸುವುದು. ನಾನು ಕನ್ನಡದ ಮೇಷ್ಟರಾದ್ದರಿಂದ, “ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬಂದರೂ ನಡೆಯುತ್ತದೆ ಅತ್ತಿಗೆ, ರಸ್ತೆಯಲ್ಲಿ ಮಾತ್ರ ಏನು ಮಾಡುತ್ತೀರೆಂಬುದನ್ನು ಮೊದಲೇ ಹೇಳಿಬಿಡಬೇಕು” ಎಂದೆ. “ನಿನ್ನ ಪಾಠವನ್ನು ಕಾಲೇಜಿನ ಹುಡುಗರು ಹೇಗೆ ತಾಳುತ್ತಾರಪ್ಪ!” ಎಂದರು.

ಬ್ರೇಕಿನ ಅಭ್ಯಾಸಕ್ಕೂ ಇದೇ ಸ್ಥಳ. ಗಂಟೆಗೆ 15 ಕಿಲೋಮೀಟರ್ ವೇಗದ ಸೈಕಲ್ಲು ಒಂದು ಸೆಕೆಂಡಿಗೆ ನಾಲ್ಕು ಮೀಟರಿಗೂ ಹೆಚ್ಚು ಮುಂದೆ ಸಾಗಿರುತ್ತದೆ. ಹಿಂದಿನ ಬ್ರೇಕೊಂದನ್ನೇ ನಂಬಿದರೆ ನಿಲ್ಲುವುದು ತಡ. ಮುಂದಿನದನ್ನೊಂದೇ ಥಟ್ಟನೆ ಹಿಡಿದರೆ ಮುಗ್ಗರಿಸುವ ಭಯ. ಎರಡನ್ನೂ ಒಟ್ಟಿಗೆ, ಹಂತಹಂತವಾಗಿ ಒತ್ತುವುದು ಕೈಗೆ ಮೈಗೂಡಬೇಕು.

ಇಷ್ಟಾದ ಮೇಲೆ ಪೇಟೆ. ಒಂದು ಭಾನುವಾರ ಮುಂಜಾನೆ ದೇವರಾಜ ಅರಸು ರಸ್ತೆಗೆ ಹೋದೆವು. ಹೊಸ ಸವಾರರು ಸಾಮಾನ್ಯವಾಗಿ ರಸ್ತೆಯ ಅಂಚಿಗೆ ಒತ್ತಿಕೊಂಡು ಹೋಗುತ್ತಾರೆ. ಅದೇ ಕ್ಷೇಮವೆಂದು ಅವರ ನಂಬಿಕೆ. ಈ ರಸ್ತೆಯಲ್ಲಿ ಹತ್ತು ಮಾರು ಹೋದರೆ ಆ ನಂಬಿಕೆಯ ಟೊಳ್ಳು ತಿಳಿಯುತ್ತದೆ. ಸಾಲಾಗಿ ನಿಂತ ಕಾರುಗಳಲ್ಲಿ ಯಾವುದರ ಬಾಗಿಲು ಯಾವಾಗ ತೆರೆಯುವುದೋ ಬಲ್ಲವರಾರು? ಆದ್ದರಿಂದ ನಿಂತ ವಾಹನದಿಂದ ಒಂದು ಮೀಟರಿಗೂ ಮಿಗಿಲಾದ ಅಂತರವಿರಬೇಕು. ಎರಡು ಕಾರುಗಳ ನಡುವೆ ತೆರವು ಕಂಡಿತೆಂದು ಒಳಗೆ ನುಸುಳಿ ಮತ್ತೆ ಹೊರಗೆ ಬರಬಾರದು. ಒಳಗೆ ಹೋದ ಸೈಕಲ್ಲು ಹಿಂದಿನವನ ಕಣ್ಣಿಗೆ ಮರೆಯಾಗಿ, ಹೊರಗೆ ಬಂದಾಗ ಇದ್ದಕ್ಕಿದ್ದಂತೆ ಉದ್ಭವಿಸಿದಂತೆ ಕಾಣುತ್ತದೆ. ಎಡಗಡೆಯಲ್ಲಿಯೇ, ಆದರೆ ಅಂಚಿನಲ್ಲಲ್ಲ. ಎಲ್ಲರಿಗೂ ಕಾಣುವಂತೆ, ಒಂದೇ ಗೆರೆಯಲ್ಲಿ—ಸೈಕಲ್ಲಿನ ಸ್ಥಾನ ಅದು. ಕಂಡದ್ದನ್ನು ತಪ್ಪಿಸಿಕೊಂಡು ಹೋಗಲು ಚಾಲಕನಿಗೆ ಸಾಧ್ಯ. ಕಾಣದ್ದನ್ನು ಏನು ಮಾಡಿಯಾನು?

ಬಸ್ಸಿನ ವಿಷಯದಲ್ಲಿ ಒಂದು ಕಟ್ಟುನಿಟ್ಟು. ಬಸ್ಸು, ಲಾರಿಗಳ ಎಡಮಗ್ಗುಲಿನ ಸಂದಿಗೆ ಎಂದೂ ಹೊಗಬಾರದು. ಅವು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿಗಿಂತ ಒಳಗೆ ಬರುತ್ತದೆ. ಆ ಸಂದಿಯಲ್ಲಿರುವವರು ಚಾಲಕನಿಗೆ ಕಾಣದೆಯೂ ಇರಬಹುದು. ಹಿಂದೆಯೇ ಉಳಿದು ಅರ್ಧ ನಿಮಿಷ ಕಾದರೆ ನಷ್ಟವೇನೂ ಇಲ್ಲ. ಕೃಷ್ಣರಾಜ ವೃತ್ತದಂಥ ಕಡೆ ನಿಯಮ ಸರಳ: ಒಳಗೆ ಆಗಲೇ ಸುತ್ತುತ್ತಿರುವವರಿಗೆ ಮೊದಲ ದಾರಿ, ಅವರು ನಮ್ಮ ಬಲಗಡೆಯಿಂದ ಬರುತ್ತಾರೆ. ಅವರ ಮುಖವನ್ನು ನೋಡಿ, ಅವರೂ ನಮ್ಮನ್ನು ಕಂಡರೆಂದು ತಿಳಿದ ಮೇಲೆ ಹೊಗಬೇಕು.

ಕೆಲಸಕ್ಕೆ ಸೇರುವ ಸೋಮವಾರ ಬಂದಿತು. ಮೊದಲ ವಾರ ಅತ್ತಿಗೆ ರಾಮಸ್ವಾಮಿ ವೃತ್ತದ ಬಳಿ ಇಳಿದು, ಪಾದಚಾರಿಗಳ ಜೊತೆಗೆ ಸೈಕಲ್ಲನ್ನು ತಳ್ಳಿಕೊಂಡು ದಾಟಿದರು. ಎರಡನೆಯ ವಾರದ ಬುಧವಾರ ಇಳಿಯಲಿಲ್ಲ. ಹಿಂದಿರುಗಿ ನೋಡಿ, ಕೈ ಚಾಚಿ, ತಮ್ಮ ಗೆರೆಯನ್ನು ಹಿಡಿದರು. ಬೆನ್ನ ಹಿಂದೆ ಆಟೋವೊಂದು ಮೇಲಿಂದ ಮೇಲೆ ಹಾರನ್ ಬಾರಿಸಿತು. ಅವರು ಅಂಚಿಗೆ ಸರಿಯಲಿಲ್ಲ, ವೇಗವನ್ನೂ ಹೆಚ್ಚಿಸಲಿಲ್ಲ. ಆಟೋದವನೇ ನಿಧಾನಿಸಿ, ದಾಟುವವರೆಗೆ ಅವರ ಹಿಂದೆಯೇ ಬಂದ. ಇದಿಷ್ಟನ್ನೂ ನಮಗೆ ವರದಿ ಮಾಡಿದವನು ಅಣ್ಣ. “ನೀನೇಕೆ ಅಲ್ಲಿಗೆ ಹೋಗಿದ್ದೆ?” ಎಂದು ಕೇಳಿದರೆ, ಸ್ಕೂಟರಿಗೆ ಪೆಟ್ರೋಲು ಹಾಕಿಸುವುದಿತ್ತಂತೆ. ಎಂಟು ದಿನವೂ ಅವನ ಸ್ಕೂಟರಿಗೆ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಪೆಟ್ರೋಲು ಬೇಕಾಗಿತ್ತೆಂಬುದು ಆಮೇಲೆ ತಿಳಿಯಿತು.

ಧೈರ್ಯವೆಂದರೆ ನುಗ್ಗುವುದಲ್ಲ. ಎಲ್ಲ ರಸ್ತೆಗಳೂ ಸೈಕಲ್ಲಿಗೆ ತಕ್ಕವಲ್ಲವೆಂಬುದನ್ನು ಒಪ್ಪಲೇಬೇಕು. ಲಾರಿಗಳು ಧಾವಿಸುವ ವರ್ತುಲ ರಸ್ತೆಯನ್ನು ಬಿಟ್ಟು ಒಳಬೀದಿಯ ಸುತ್ತುದಾರಿ ಹಿಡಿಯುವುದು, ಮಳೆ ಹೊಯ್ಯುವಾಗ ನೀರು ನಿಂತ ಜಾಗವನ್ನು ದೂರದಿಂದಲೇ ಬಳಸುವುದು, ಕತ್ತಲಾದೊಡನೆ ಮುಂದೆ ಬಿಳಿಯ, ಹಿಂದೆ ಕೆಂಪು ದೀಪ ಬೆಳಗಿಸುವುದು, ಸಂದೇಹ ಬಂದಲ್ಲಿ ನಾಚದೆ ಇಳಿದು ತಳ್ಳಿಕೊಂಡು ಹೋಗುವುದು—ಇವೆಲ್ಲ ಧೈರ್ಯದ ಅಂಗಗಳೇ. ತನ್ನ ಸ್ಥಾನವನ್ನು ಬಲ್ಲವನಿಗೆ ಅದನ್ನು ಯಾವಾಗ ಬಿಟ್ಟುಕೊಡಬೇಕೆಂಬುದೂ ತಿಳಿದಿರುತ್ತದೆ.

ವಾಚಕರ ಮನೆಯ ಮೂಲೆಯಲ್ಲಿಯೂ ಧೂಳು ಹಿಡಿದ ಸೈಕಲ್ಲೊಂದು ಇರಬಹುದು. ಬಾಗಿಲಲ್ಲೇ ನಿಂತುಬಿಟ್ಟ ಆಸೆಯೊಂದು ಯಾರ ಮನಸ್ಸಿನಲ್ಲಾದರೂ ಇರಬಹುದು. ಚಕ್ರಗಳಿಗೆ ಗಾಳಿ ಹಾಕಿಸಿ, ಬ್ರೇಕು ಬಿಗಿ ಮಾಡಿಸಿ, ಬರುವ ಭಾನುವಾರ ಬೆಳಗ್ಗೆ ಅವರನ್ನು ನಿಮ್ಮೂರಿನ ಜನವಿರಳವಾದ ರಸ್ತೆಯೊಂದಕ್ಕೆ ಕರೆದೊಯ್ಯಿರಿ. ವಯಸ್ಸೆಷ್ಟೆಂದು ಮಾತ್ರ ಕೇಳಬೇಡಿ. ಈಗೀಗ ನಮ್ಮ ಅತ್ತಿಗೆಯವರ ಶಾಲೆಯ ಇಬ್ಬರು ಸಹೋದ್ಯೋಗಿನಿಯರು ಮಾನಸಗಂಗೋತ್ರಿಯಲ್ಲಿ ಪೆಡಲಿಲ್ಲದ ಸೈಕಲ್ಲಿನ ಮೇಲೆ ತೇಲುತ್ತಿದ್ದಾರೆ. ಕಲಿಸುವವರು ಯಾರೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.