ಕಾಕನಕೋಟೆಯ ಹಡ್ಲು, ಕಡಲಂಚಿನ ಅಳಿವೆ

ಮೈಸೂರಿನಿಂದ ಎಚ್.ಡಿ. ಕೋಟೆ, ಅಂತರಸಂತೆ ದಾಟಿ ಮಾನಂದವಾಡಿಯ ಕಡೆಗೆ ಹೊರಟರೆ ರಾಗಿ, ಹತ್ತಿ, ಹೊಗೆಸೊಪ್ಪಿನ ಹೊಲಗಳು ಮುಗಿದು ಒಮ್ಮೆಲೇ ಕಾಡು ಎದುರಾಗುತ್ತದೆ. ಇಲ್ಲಿಂದ ಕೇರಳದ ಗಡಿಯಲ್ಲಿರುವ ಬಾವಲಿಯವರೆಗೂ ರಸ್ತೆಯ ಇಬ್ಬದಿಗೆ ಇರುವುದು ಕಾಕನಕೋಟೆಯ ಅರಣ್ಯ. ಕನ್ನಡಿಗರಿಗೆ ಈ ಹೆಸರು ಎರಡು ಕಾರಣಗಳಿಂದ ಪರಿಚಿತ. ಒಂದು, ಮಾಸ್ತಿಯವರ ನಾಟಕ ಹಾಗೂ ಅದನ್ನು ಆಧರಿಸಿ ಸಿ.ಆರ್. ಸಿಂಹ ನಿರ್ದೇಶಿಸಿದ ಚಲನಚಿತ್ರ. ಇನ್ನೊಂದು, ಮೈಸೂರು ಅರಸರ ಕಾಲದಿಂದ ನಡೆದು ಬಂದ ಖೆಡ್ಡಾ. ಕಾಡಾನೆಗಳ ಹಿಂಡನ್ನು ಅಟ್ಟಿಕೊಂಡು ಬಂದು, ಕಬಿನಿ ಹೊಳೆ ಹಾಯಿಸಿ ಸೆರೆಹಿಡಿಯುವ ಈ ಪದ್ಧತಿ 1971ರಲ್ಲಿ ಕೊನೆಗೊಂಡಿತು. 1974ರಲ್ಲಿ ಬೀಚನಹಳ್ಳಿ ಬಳಿಯ ಅಣೆಕಟ್ಟು ಸಿದ್ಧವಾದ ಮೇಲೆ, ಖೆಡ್ಡಾ ನಡೆಯುತ್ತಿದ್ದ ಹೊಳೆಯ ದಂಡೆಗಳೂ ಹಲವು ಹಳ್ಳಿಗಳೂ ಹಿನ್ನೀರಿನಲ್ಲಿ ಮುಳುಗಿದವು.

ಕಾಕನಕೋಟೆಯನ್ನು ನೋಡಲು ಬರುವವರ ಕಣ್ಣು ಆನೆ, ಹುಲಿಗಳನ್ನೇ ಹುಡುಕುತ್ತದೆ. ಈ ಕಾಡಿನಲ್ಲಿ ಇನ್ನೊಂದು ವಿಶೇಷವಿದೆ. ಅದನ್ನು ಕಾಣಲು ಅದೃಷ್ಟ ಬೇಕಾಗಿಲ್ಲ, ಬೇಸಿಗೆಯಲ್ಲಿ ಹೋದರೆ ಸಾಕು.

ಮರವಿಲ್ಲದ ಹಸಿರು

ಮಾರ್ಚ್ ತಿಂಗಳ ಹೊತ್ತಿಗೆ ಇಲ್ಲಿನ ತೇಗ, ಮತ್ತಿ, ದಿಂಡಿಲು ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿರುತ್ತವೆ. ನೆಲದ ತುಂಬ ತರಗೆಲೆ. ಆದರೆ ದಿಬ್ಬ ಇಳಿದು ಎರಡು ಇಳಿಜಾರುಗಳ ನಡುವಿನ ತಗ್ಗಿಗೆ ಬಂದರೆ ಅಲ್ಲಿ ಮಾತ್ರ ಹಸಿರು ಹುಲ್ಲು ಹಬ್ಬಿರುತ್ತದೆ. ಸುತ್ತ ಕಾಡಿದ್ದರೂ ನಡುವೆ ಮರಗಳಿಲ್ಲ. ಇದೇ ಹಡ್ಲು. ನಾಗರಹೊಳೆಯಿಂದ ಕಾಕನಕೋಟೆಯವರೆಗೂ ಇಂಥ ಹಡ್ಲುಗಳು ಅಲ್ಲಲ್ಲಿ ಹರಡಿಕೊಂಡಿವೆ. ಜಿಂಕೆ, ಕಾಟಿ, ಆನೆಗಳಿಗೆ ಬೇಸಿಗೆಯ ಮೇವು ಇಲ್ಲಿಯೇ. ಅವುಗಳ ಬೆನ್ನು ಹತ್ತಿ ಬರುವ ಹುಲಿಗೂ ಇದೇ ಬೇಟೆಯ ತಾಣ.

ಮೂರು ನಾಲ್ಕು ತಿಂಗಳು ಮಳೆಯ ಹನಿ ಬೀಳದಿದ್ದರೂ ಹಡ್ಲು ಹೇಗೆ ಹಸಿಯಾಗಿರುತ್ತದೆ? ಉತ್ತರ ನೆಲದೊಳಗಿದೆ. ಈ ಸೀಮೆಯ ತಳದಲ್ಲಿರುವುದು 250 ಕೋಟಿ ವರ್ಷಗಳಿಗೂ ಹಳೆಯದಾದ ಗಟ್ಟಿ ಬಂಡೆ. ಅದರ ಮೇಲ್ಭಾಗ ಕಾಲಾಂತರದಲ್ಲಿ ಸವೆದು, ಪುಡಿಯಾಗಿ, ಬಿರುಕುಬಿಟ್ಟಿದೆ. ಮಳೆಗಾಲದಲ್ಲಿ ಕಾಡಿನ ತರಗೆಲೆ, ಬೇರುಗಳ ನಡುವೆ ಇಂಗಿದ ನೀರು ಈ ಸಡಿಲ ಪದರದಲ್ಲಿ ನಿಲ್ಲುತ್ತದೆ. ಅನಂತರ ತಗ್ಗಿನ ಕಡೆಗೆ ಬಹು ನಿಧಾನವಾಗಿ ಸರಿಯುತ್ತದೆ. ಹೊಳೆಯ ನೀರು ಗಂಟೆಗಳಲ್ಲಿ ಕ್ರಮಿಸುವ ದೂರಕ್ಕೆ ಇದು ತಿಂಗಳುಗಳನ್ನೋ ವರ್ಷಗಳನ್ನೋ ತೆಗೆದುಕೊಳ್ಳುತ್ತದೆ. ತಗ್ಗಿನಲ್ಲಿ ನೆಲದ ಮಟ್ಟವೂ ಅಂತರ್ಜಲದ ಮಟ್ಟವೂ ಒಂದಾದಲ್ಲಿ ನೀರು ಒಸರುತ್ತದೆ. ಸದಾ ತೇವದಿಂದ ಕೂಡಿದ ಆ ಅಂಟುಮಣ್ಣಿನಲ್ಲಿ ಗಾಳಿಯಾಡದ ಕಾರಣ ಮರಗಳು ಬೇರೂರುವುದು ಕಷ್ಟ. ಹುಲ್ಲಿಗೆ ಅದೇ ಸೊಗಸು.

ಈ ಒಸರುಗಳೇ ಮುಂದೆ ಸೇರಿ ತೊರೆಯಾಗಿ ಕಬಿನಿಗೆ ಇಳಿಯುತ್ತವೆ. ತೊರೆ ಬತ್ತಿದಾಗಲೂ ಅದರ ಮರಳಿನಡಿ ನೀರಿರುತ್ತದೆ. ಆನೆ ಕಾಲಿನಿಂದ ಮರಳು ಕೆದರಿ, ಸೊಂಡಿಲಿನಿಂದ ಒರತೆ ತೋಡಿ ಕುಡಿಯುವುದನ್ನು ಕಾಡಿನ ಹಾಡಿಗಳ ಜೇನುಕುರುಬರು ಬಲ್ಲರು. ಆನೆ ಬಿಟ್ಟುಹೋದ ಒರತೆಗೆ ಬೇರೆ ಪ್ರಾಣಿಗಳು ಬರುತ್ತವೆ.

ಹಿನ್ನೀರು ಮತ್ತು ದಂಡೆ

ಕಬಿನಿ ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 2284 ಅಡಿ. ಹಿಡಿಯುವ ನೀರು ಸುಮಾರು 19.5 ಟಿಎಂಸಿ. ವಯನಾಡಿನಲ್ಲಿ ಮುಂಗಾರು ಹಿಡಿದರೆ ಕೆಲವೇ ದಿನಗಳಲ್ಲಿ ತುಂಬುವುದೂ ಉಂಟು. ತುಂಬಿದಾಗ ನೀರು ಅಕ್ಕಪಕ್ಕದ ದಂಡೆಯ ಮಣ್ಣಿನೊಳಗೂ ಇಂಗುತ್ತದೆ. ಬೇಸಿಗೆಯಲ್ಲಿ ಜಲಾಶಯದ ಮಟ್ಟ ಇಳಿದಂತೆ, ದಂಡೆ ಹೀರಿಕೊಂಡಿದ್ದ ಆ ನೀರು, ಅದರ ಹಿಂದಿನ ಕಾಡಿನ ಒಸರು ಎರಡೂ ಜಲಾಶಯದ ಕಡೆಗೆ ಮರಳುತ್ತವೆ. ನೀರು ಸರಿದ ಬಯಲಿನಲ್ಲಿ ಹೊಸ ಹುಲ್ಲು ಚಿಗುರುತ್ತದೆ. ಬಂಡೀಪುರ, ನಾಗರಹೊಳೆ, ವಯನಾಡುಗಳ ಆನೆಗಳು ಹಿಂಡುಹಿಂಡಾಗಿ ಇಲ್ಲಿಗೆ ಬರುವುದು ಆಗಲೇ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ತಾಣ ಬೇರೆಡೆ ಸಿಗುವುದು ವಿರಳ.

ಕೆರೆಗೂ ನೆಲಕ್ಕೂ ಇಂಥದೇ ಕೊಡುಕೊಳ್ಳುವಿಕೆ ಇದೆ. ಸುತ್ತಲ ಅಂತರ್ಜಲ ಕೆರೆಯ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ನೆಲವೇ ಕೆರೆಗೆ ನೀರೂಡುತ್ತದೆ. ಕೊಳವೆಬಾವಿಗಳು ಆ ಮಟ್ಟವನ್ನು ಕೆಳಗೆಳೆದರೆ, ಕೆರೆ ತನ್ನ ನೀರನ್ನೇ ನೆಲಕ್ಕೆ ಬಿಟ್ಟುಕೊಟ್ಟು ಫೆಬ್ರವರಿಯಲ್ಲೇ ಬರಿದಾಗುತ್ತದೆ. ಹೂಳೆತ್ತಿದರೂ ಕೆರೆ ಏಕೆ ನಿಲ್ಲುತ್ತಿಲ್ಲ ಎಂದು ಊರವರು ಕೇಳುವ ಪ್ರಶ್ನೆಗೆ ಎಷ್ಟೋ ಕಡೆ ಇದೇ ಉತ್ತರ.

ಕಡಲಿನಲ್ಲಿ ಸಿಹಿನೀರು

ಕಾಕನಕೋಟೆಯಲ್ಲಿ ಹುಲ್ಲಿನ ಕೆಳಗೆ ನಡೆಯುವುದೇ ಕರಾವಳಿಯಲ್ಲಿ ಮರಳಿನ ಕೆಳಗೆ ನಡೆಯುತ್ತದೆ. ನಮ್ಮ ಪಡುವಣ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲೊಂದು ಪಾಲು ಮುರಕಲ್ಲಿನ ಗುಡ್ಡಗಳಲ್ಲಿ ಇಂಗುತ್ತದೆ. ಕಾಸರಗೋಡು, ದಕ್ಷಿಣ ಕನ್ನಡದ ಕೃಷಿಕರು ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ಹಿಡಿಯುವುದು ಈ ಒಸರನ್ನೇ. ಉಳಿದದ್ದು ಕೆಳಗಿಳಿದು ಅಳಿವೆಗೂ ಕಡಲಿಗೂ ಸೇರುತ್ತದೆ. ಗೋಕರ್ಣದಲ್ಲಿ ಕಡಲ ಪಕ್ಕದಲ್ಲೇ ಸಿಹಿನೀರು ಸುರಿಸುವ ರಾಮತೀರ್ಥವನ್ನು ಯಾತ್ರಿಕರು ನೋಡಿರುತ್ತಾರೆ. ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ಭೂಗೋಳಜ್ಞ ಸ್ಟ್ರಾಬೋ, ಸಿರಿಯಾದ ಕರಾವಳಿಯ ಒಂದು ದ್ವೀಪದವರು ಸೀಸದ ಆಲಿಕೆ, ಚರ್ಮದ ಕೊಳವೆಗಳಿಂದ ಕಡಲ ತಳದ ಚಿಲುಮೆಯ ಸಿಹಿನೀರೆತ್ತುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

ವಿಜ್ಞಾನಿಗಳು ಇದನ್ನು ಅಳೆಯತೊಡಗಿದ್ದು ಈಚೆಗೆ. ನೆಲದೊಳಗಿನ ಕಲ್ಲುಮಣ್ಣಿನಿಂದ ನೀರಿಗೆ ಸೇರುವ ರೇಡಿಯಂ ಧಾತುವಿನ ಜಾಡು ಹಿಡಿದು ಅಮೆರಿಕದ ವಿಲಾರ್ಡ್ ಮೂರ್ ಅವರು 1996ರಲ್ಲಿ ಒಂದು ಲೆಕ್ಕ ಕೊಟ್ಟರು. ದಕ್ಷಿಣ ಕ್ಯಾರೊಲಿನಾ ಕರಾವಳಿಯಲ್ಲಿ ನೆಲದಡಿಯಿಂದ ಕಡಲಿಗೆ ಬರುವ ನೀರು ಅಲ್ಲಿನ ನದಿಗಳ ನೀರಿನ ಸುಮಾರು ಶೇ. 40ರಷ್ಟು! ಇದರಲ್ಲಿ ಮರಳಿನೊಳಗೆ ಹೋಗಿ ಬರುವ ಉಪ್ಪುನೀರೂ ಸೇರಿದೆ ನಿಜ. ಆದರೂ ನದಿಯೊಂದನ್ನೇ ಲೆಕ್ಕಕ್ಕೆ ಹಿಡಿಯುತ್ತಿದ್ದವರಿಗೆ ಅದು ಅಚ್ಚರಿಯಾಗಿತ್ತು.

ಅಳಿವೆಯ ಬದುಕು ಉಪ್ಪು ಸಿಹಿಗಳ ಹದವನ್ನು ನೆಚ್ಚಿಕೊಂಡಿದೆ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಬಳಚು ಆಯ್ದು ಬದುಕುವ ಕುಟುಂಬಗಳಿವೆ. ಗಜನಿಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಪಕ್ಕದ ಶರಾವತಿಯಲ್ಲಿ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಬಂದು ಉಪ್ಪಿನಂಶ ತಗ್ಗಿತು, ಬಳಚು ಕ್ಷೀಣಿಸಿತು. ಇನ್ನೊಂದು ಕಡೆ, ಕರಾವಳಿಯ ಬಾವಿಗಳಿಂದ ಅತಿಯಾಗಿ ನೀರೆತ್ತಿದರೆ ಕಡಲೇ ಒಳನುಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅಳಿವೆಯ ಬಳಿಯ ಬಾವಿನೀರು ಉಪ್ಪಾಗುವುದು ಅಲ್ಲಿನವರಿಗೆ ಹೊಸದೇನಲ್ಲ. ಕಬಿನಿಯನ್ನು ತಿರುಮಕೂಡಲಿನಲ್ಲಿ ಕೂಡಿಕೊಂಡು ಹೋಗುವ ಕಾವೇರಿಯ ಮುಖಜಭೂಮಿಯಲ್ಲೂ, ನಾಗಪಟ್ಟಿಣದ ಸುತ್ತ, ಇದೇ ಸಂಕಟ.

ಹೊಲದಿಂದ ಹೊಳೆಗೆ

ನೆಲದೊಳಗಿನ ನೀರು ತಾನೊಂದೇ ಬರುವುದಿಲ್ಲ. ಮೇಲೆ ಸುರಿದದ್ದನ್ನೂ ಹೊತ್ತು ತರುತ್ತದೆ. ಕೋಟೆ, ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಜೊತೆಗೆ ಶುಂಠಿಯೂ ಹಬ್ಬಿದೆ. ವಯನಾಡಿನ ಕಡೆಯಿಂದ ಬಂದು ಗುತ್ತಿಗೆಗೆ ಭೂಮಿ ಹಿಡಿದು ಬೆಳೆಯುವವರೂ ಹಲವರು. ಶುಂಠಿಗೆ ನೀರೂ ಗೊಬ್ಬರವೂ ಔಷಧವೂ ಧಾರಾಳವಾಗಿ ಬೇಕು. ಬೆಳೆ ಹೀರದೆ ಉಳಿದ ಸಾರಜನಕ ನೈಟ್ರೇಟ್ ಆಗಿ ನೀರಿನೊಡನೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಾನದಂಡ. ಕೆರೆಗೋ ಅಳಿವೆಗೋ ಸೇರಿದರೆ ಪಾಚಿಗೆ ಹಬ್ಬ. ಆ ಪಾಚಿ ಕೊಳೆತಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತದೆ. ಗೊಬ್ಬರ ಹಾಕಿದ ವರ್ಷವೇ ಇದು ಕಾಣಲಾರದು. ನಿಧಾನವಾಗಿ ಸಾಗುವ ನೀರು ವಿಷವನ್ನೂ ನಿಧಾನವಾಗಿಯೇ ತಲುಪಿಸುತ್ತದೆ, ನಿಲ್ಲಿಸಿದ ಮೇಲೂ ಬಹುಕಾಲ ತರುತ್ತಿರುತ್ತದೆ.

ಕಾಡಿನೊಳಗೂ ತೊಂದರೆ ಇದೆ. ಲಂಟಾನ ನೆಲವನ್ನು ಮುಚ್ಚಿದೆ. ಹಳದಿ ಹೂವಿನ ಸೆನ್ನಾ ಮರ ವಯನಾಡಿನಿಂದ ಈಚೆಗೆ ಹಬ್ಬುತ್ತಿದೆ. ಬೇಸಿಗೆಯ ನೀರಿನ ಗುಂಡಿಗಳಿಗೆ ಸೌರ ಪಂಪುಗಳಿಂದ ಕೊಳವೆಬಾವಿಯ ನೀರು ಬಿಡುವ ವ್ಯವಸ್ಥೆಯೂ ಬಂದಿದೆ. ಬರದಲ್ಲಿ ಪ್ರಾಣಿಗಳಿಗೆ ಅದು ಆಸರೆ, ಸಂದೇಹವಿಲ್ಲ. ಆದರೆ ಆ ನೀರೂ ಹಡ್ಲಿಗೆ ಬರಬೇಕಾದ ನೀರೇ. ಹಡ್ಲು ಒಣಗಿದರೆ ಆನೆ ಹುಲ್ಲು ಅರಸಿ ಹೋಗುವುದು ಕಾಡಂಚಿನ ಹೊಲಕ್ಕೆ. ಆಗ ಕಂದಕ, ರೈಲ್ವೆ ಕಂಬಿಯ ಬೇಲಿಗಳ ಖರ್ಚು ಬೇರೆ. ಬೆಳೆ, ಕೆಲವೊಮ್ಮೆ ಜೀವವನ್ನೇ ಕಳೆದುಕೊಳ್ಳುವ ರೈತನ ಗೋಳು ಬೇರೆ.

ಅಂತರಸಂತೆಯ ಕಡೆಯ ದಮ್ಮನಕಟ್ಟೆಯಿಂದ ಅರಣ್ಯ ಇಲಾಖೆಯ ಸಫಾರಿ ವಾಹನಗಳು ಈ ಕಾಡಿನೊಳಗೆ ಹೋಗುತ್ತವೆ. ಏಪ್ರಿಲ್‌ನಲ್ಲಿ ಹೋದವರು ಹುಲಿ ಕಾಣಲಿಲ್ಲವೆಂದು ಬೇಸರಪಡುವ ಮುನ್ನ, ತಗ್ಗಿನ ಹಡ್ಲಿನ ಕಡೆ ಒಮ್ಮೆ ನೋಡಬೇಕು. ಸುತ್ತ ಒಣಗಿದ ಕಾಡಿನ ನಡುವೆ ಅದು ಇನ್ನೂ ಹಸಿರಾಗಿದ್ದರೆ, ಹಿಂದಿನ ಮಳೆಗಾಲಗಳ ನೀರು ಕೆಳಗೆ ನಡೆದೇ ಇದೆ ಎಂದು ತಿಳಿಯಬಹುದು.