ತೊಗಲು, ಗರಿ ಮತ್ತು ಗಾಳ

ಕೆಲವು ಕಸಬುಗಳ ಹೆಸರನ್ನು ಕೇಳಿದೊಡನೆಯೇ ಸಂಭಾವಿತರು ಮೂಗು ಮುಚ್ಚಿಕೊಳ್ಳುವುದುಂಟು. ಸತ್ತ ಮೃಗದ ತೊಗಲನ್ನು ಸುಲಿದು, ಹದಮಾಡಿ, ಒಳಗೆ ಅಚ್ಚನ್ನಿಟ್ಟು, ಅದು ಬದುಕಿದ್ದಾಗ ನಿಲ್ಲುತ್ತಿದ್ದ ಭಂಗಿಯಲ್ಲಿಯೇ ನಿಲ್ಲಿಸುವ ವಿದ್ಯೆಯು ಅವುಗಳಲ್ಲೊಂದು. ಇದಕ್ಕೆ ಟ್ಯಾಕ್ಸಿಡರ್ಮಿಯೆಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಟ್ಯಾಕ್ಸಿಸ್’ ಎಂದರೆ ಅಣಿಗೊಳಿಸುವಿಕೆ. ‘ಡರ್ಮ’ ಎಂದರೆ ಚರ್ಮ. ಈ ‘ಡರ್ಮ’ಕ್ಕೂ ಸಂಸ್ಕೃತದ ‘ದೃತಿ’ಗೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ದೃತಿಯೆಂದರೆ ತೊಗಲಿನ ಚೀಲ; ಅದನ್ನು ಹೊರುವ ಪಶುವಿಗೆ ‘ದೃತಿಹರಿ’ಯೆಂಬ ರೂಪವನ್ನು ಪಾಣಿನಿಯು ಸಾಧಿಸಿಕೊಟ್ಟಿರುವನು. ಪಾಠಶಾಲೆಯಲ್ಲಿ ಆ ಸೂತ್ರವನ್ನು ನಾವು ಎಷ್ಟೋ ಸಲ ಆವೃತ್ತಿಮಾಡಿದೆವು. ತೊಗಲಿನ ವಾಸನೆ ಮಾತ್ರ ನಮ್ಮ ಕಡೆಗೆ ಸುಳಿಯಲಿಲ್ಲ. ಆ ವಾಸನೆಯ ಪರಿಚಯ ನನಗಾದದ್ದು ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ವೃದ್ಧರಿದ್ದಾರೆ. ನನಗಿಂತ ಇಪ್ಪತ್ತು ವರ್ಷ ಹಿರಿಯರು. ತಾರುಣ್ಯದಲ್ಲಿ ಮೈಸೂರಿನಲ್ಲಿದ್ದು ಈ ಕಸಬನ್ನು ಕಲಿತವರು. ಮೈಸೂರಿಗೂ ಈ ವಿದ್ಯೆಗೂ ಇರುವ ನಂಟನ್ನು ಬಲ್ಲವರು ಈಗ ಕಡಿಮೆ. ವಾನ್ ಇಂಗೆನ್ ಮನೆತನದವರು ಸುಮಾರು 1900ರಿಂದ 1999ರವರೆಗೆ ಅಲ್ಲಿ ನಡೆಸಿದ ಕಾರ್ಖಾನೆಯು ಹುಲಿ ಚಿರತೆಗಳ ತೊಗಲನ್ನು ಹದಮಾಡುವುದರಲ್ಲಿ ಲೋಕಪ್ರಸಿದ್ಧವಾಗಿತ್ತು. ಕಾಗದವನ್ನು ಅಂಟಿನೊಡನೆ ಪದರಪದರವಾಗಿ ಕೂಡಿಸಿದ ಅಚ್ಚಿನ ಮೇಲೆ ಅವರು ತೊಗಲನ್ನು ಹೊದಿಸುತ್ತಿದ್ದರು. ರಾಜಮಹಾರಾಜರ ಬೇಟೆಗಳೆಲ್ಲ ಅಲ್ಲಿಗೆ ಬಂದು, ಎರಡನೆಯ ಆಯುಸ್ಸನ್ನು ಪಡೆದು ಹೋಗುತ್ತಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಬಂದ ಮೇಲೆ ಕಾಡುಮೃಗಗಳ ಕೆಲಸಕ್ಕೆ ತೆರೆಬಿದ್ದಿತು. ಅದು ಬಿದ್ದದ್ದು ಒಳ್ಳೆಯದೇ ಆಯಿತೆಂದು ನಮ್ಮ ವೃದ್ಧರೂ ಒಪ್ಪುತ್ತಾರೆ.

ಅವರಿಗೆ ಇನ್ನೊಂದು ಹುಚ್ಚುಂಟು, ಗಾಳ ಹಾಕುವುದು. ತೊಗಲಿಗೂ ಗಾಳಕ್ಕೂ ಏನು ಸಂಬಂಧವೆಂದು ನಾನು ಕೇಳಿದೆನು. “ಮೇಷ್ಟ್ರೇ, ಹುಲಿ ಸತ್ತರೂ ಅದರ ಬಣ್ಣ ಸಾಯೋದಿಲ್ಲ. ಮೀನು ಹಾಗಲ್ಲ. ನೀರಿನಿಂದ ಎತ್ತಿದ ಗಳಿಗೆಯಿಂದಲೇ ಅದರ ಹೊಳಪು ಹೋಗ್ತಾ ಬರುತ್ತೆ. ಮೀನಿನ ತೊಗಲು ತುಂಬೋನು ಬಣ್ಣವನ್ನೆಲ್ಲ ತನ್ನ ಕೈಯಿಂದ ಹಚ್ಚಬೇಕು. ಬದುಕಿದ ಮೀನನ್ನ ನೋಡದೆ ಏನು ಹಚ್ಚೋದು?” ಎಂದರು. ಹೀಗೆ ನೋಡುವುದಕ್ಕೆಂದು ನದಿಗೆ ಹೋದವರು ನದಿಯ ವಶರಾದರು.

ಅವರ ಗಾಳಕ್ಕೆ ಎರೆಹುಳುವಿಲ್ಲ. ಕಾವೇರಿಯ ದಡದಲ್ಲಿ ದೊಡ್ಡ ಮೀನಿಗೆ ರಾಗಿಹಿಟ್ಟಿನ ಉಂಡೆಯನ್ನು ಸಿಕ್ಕಿಸುವ ವಾಡಿಕೆಯುಂಟು, ಅದೂ ಇಲ್ಲ. ಇವರು ಗರಿ, ಕೂದಲು, ದಾರಗಳಿಂದ ನೊಣದಂತೆಯೇ ತೋರುವ ಒಂದು ವಸ್ತುವನ್ನು ಕೊಕ್ಕೆಗೆ ಕಟ್ಟುತ್ತಾರೆ. ಅದು ನೀರಿನ ಮೇಲೆ ಬಿದ್ದರೆ ಮೀನು ಮೋಸಹೋಗಿ ಕಚ್ಚುವುದು. ಇದರಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಹುಂಜದ ಕೊರಳಿನ ಗರಿ ಬಿರುಸು. ಅದನ್ನು ಕೊಕ್ಕೆಯ ಸುತ್ತ ಸುತ್ತಿದರೆ ಎಳೆಗಳು ಸುತ್ತಲೂ ಸೆಟೆದು ನಿಂತು ನೊಣವನ್ನು ನೀರಿನ ಮೇಲೆ ತೇಲಿಸುತ್ತವೆ. ಹೇಂಟೆಯ ಗರಿ ಮೆತು; ಅದು ನೆನೆದು ಮುಳುಗುತ್ತದೆ. ಒಂದೇ ಜಾತಿಯ ಹಕ್ಕಿಯ ಗರಿಯಲ್ಲಿ ಒಂದು ತೇಲುವುದಕ್ಕೂ ಇನ್ನೊಂದು ಮುಳುಗುವುದಕ್ಕೂ ಒದಗುವುದನ್ನು ಕಂಡು ನಾನು ಬೆರಗಾದೆನು.

ಇದಕ್ಕೆ ಬೇಕಾದ ತೊಗಲನ್ನು ಅವರು ಮಾಂಸದಂಗಡಿಯಿಂದ ತರುತ್ತಾರೆ. ಅಲ್ಲಿ ಬಿಸಾಡುವ ಹುಂಜದ ಕೊರಳು, ಆಡಿನ ತೊಗಲಿನ ತುಂಡು, ಇಷ್ಟೇ. ಕಾಡಿನದೊಂದು ಎಳೆಯೂ ಅವರ ಪೆಟ್ಟಿಗೆಯಲ್ಲಿಲ್ಲ. ತೊಗಲಿನ ಒಳಮೈಯಲ್ಲಿರುವ ಕೊಬ್ಬನ್ನು ಮೊಂಡು ಚಾಕುವಿನಿಂದ ತಾಳ್ಮೆಯಿಂದ ಹೆರೆಯಬೇಕು. ಕೊಬ್ಬು ಉಳಿದರೆ ಅದು ಕಮಟಿ, ಎಣ್ಣೆಯು ಗರಿಗಳಿಗೆ ಇಳಿಯುವುದು. ಅನಂತರ ಸಾಬೂನಿನ ನೀರಿನಲ್ಲಿ ತೊಳೆದು, ಹಲಗೆಯ ಮೇಲೆ ಒಳಮೈಯನ್ನು ಮೇಲುಮಾಡಿ ಗುಂಡುಸೂಜಿಗಳಿಂದ ಬಿಗಿದು, ಬಿಳಿಗಾರದ ಪುಡಿಯನ್ನು ಉಜ್ಜಿ, ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ತೊಗಲು ಸೆಟೆದು ಒಡೆಯುತ್ತದೆ. ಅಕ್ಕಸಾಲಿಗನು ಬೆಸುಗೆಗೆ ಬಳಸುವ ಬಿಳಿಗಾರವೇ ಇಲ್ಲಿ ಹುಳವನ್ನೂ ಕೊಳೆತವನ್ನೂ ದೂರವಿಡುವುದು. ಇಷ್ಟು ಮಾಡಿದ ಕೊರಳೊಂದು ಎಷ್ಟೋ ವರ್ಷ ಬಾಳುತ್ತದೆ.

ಗರಿಯ ನೊಣವು ನಿನ್ನೆ ಮೊನ್ನೆಯದಲ್ಲ. ಮ್ಯಾಸಿಡೋನಿಯದ ಜನರು ಕೆಂಪು ಉಣ್ಣೆಯನ್ನೂ ಹುಂಜದ ಗರಿಯನ್ನೂ ಕೊಕ್ಕೆಗೆ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ರೋಮಿನ ಈಲಿಯನ್ ಎಂಬ ಗ್ರಂಥಕಾರನು ಸುಮಾರು 1,800 ವರ್ಷಗಳ ಹಿಂದೆ ಬರೆದಿಟ್ಟಿರುವನು. ಇಂಗ್ಲೆಂಡಿನಲ್ಲಿ ಗಾಳವಿದ್ಯೆಯ ಪ್ರಸಿದ್ಧವಾದ ಮೊದಲ ಪುಸ್ತಕವು ಅಚ್ಚಾದದ್ದು 1496ರಲ್ಲಿ. ಅದರಲ್ಲಿ ಹನ್ನೆರಡು ಬಗೆಯ ನೊಣಗಳಿವೆ. ಆದರೆ ಅದಕ್ಕಿಂತ ಮೂರೂವರೆ ಶತಮಾನ ಹಿಂದೆಯೇ, ನಮ್ಮ ಕಲ್ಯಾಣದಲ್ಲಿ ಆಳುತ್ತಿದ್ದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವನ್ನೇ ಬರೆದನು. ಸುಮಾರು 1130ರ ಆ ಗ್ರಂಥದಲ್ಲಿ ಮೀನುಗಳ ಜಾತಿ, ಅವು ವಾಸಿಸುವ ನೀರು, ಅವಕ್ಕೆ ಹಾಕುವ ಆಹಾರ, ಗಾಳದ ದಾರ ಮತ್ತು ಕೋಲು ಎಲ್ಲವೂ ನಿರೂಪಿತವಾಗಿವೆ. ನಾನು ಆ ಭಾಗವನ್ನು ಓದಿ ಅರ್ಥ ಹೇಳಿದಾಗ ನಮ್ಮ ವೃದ್ಧರು, “ಈ ದೊರೆ ದಡದಲ್ಲಿ ಕೂತು ಬರೆದೋನು, ಅರಮನೆಯಲ್ಲಿ ಕೂತಲ್ಲ” ಎಂದು ತೀರ್ಪು ಕೊಟ್ಟರು.

ಇಷ್ಟೆಲ್ಲ ಸ್ನೇಹವಿದ್ದರೂ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಮುಳ್ಳಿನಂತೆ ಇದ್ದೇ ಇದ್ದಿತು. ಪ್ರೀತಿಸುವ ವಸ್ತುವನ್ನೇ ಹಿಡಿಯುವುದು, ಕೊಲ್ಲುವುದು, ಆಮೇಲೆ ಅದು ಬದುಕಿದೆಯೆಂಬಂತೆ ನಿಲ್ಲಿಸುವುದು. ಇದು ಎಂತಹ ಪ್ರೀತಿ? ಇದಕ್ಕೆ ಉತ್ತರವಾಗಿ ಅವರು ವಾದಿಸಲಿಲ್ಲ; ಒಂದು ಮೀನಿನ ಕಥೆಯನ್ನು ಹೇಳಿದರು.

ಕಾವೇರಿಯ ಮತ್ತು ಅದರ ಉಪನದಿಗಳ ನೀರಿನಲ್ಲಿ ಗೂನುಬೆನ್ನಿನ, ಕಿತ್ತಳೆ ಬಣ್ಣದ ರೆಕ್ಕೆಗಳ ಒಂದು ಮಹಶೀರ್ ಮೀನುಂಟು. 1946ರಲ್ಲಿ ವಾನ್ ಇಂಗೆನ್ ಸೋದರರಲ್ಲೊಬ್ಬರೇ ಗಾಳದಲ್ಲಿ ಹಿಡಿದ ಮೀನು 120 ಪೌಂಡು ತೂಗಿತು; ಎಂದರೆ ಸುಮಾರು 54 ಕಿಲೋ. ಮಹಶೀರ್ ಜಾತಿಯಲ್ಲಿ ಅಷ್ಟು ದೊಡ್ಡದನ್ನು ಗಾಳದಲ್ಲಿ ಹಿಡಿದ ಬೇರೆ ದಾಖಲೆಯಿಲ್ಲ. ದೇಶವಿದೇಶಗಳ ಗಾಳಗಾರರು ಶತಮಾನಕ್ಕೂ ಹೆಚ್ಚು ಕಾಲ ಈ ಮೀನನ್ನು ಹಾಡಿಹೊಗಳಿದರು. ಆದರೆ ಶಾಸ್ತ್ರೀಯವಾಗಿ ಅದರ ಹೆಸರೇನೆಂಬುದು ನಿಶ್ಚಯವಾದದ್ದು 2018ರಲ್ಲಿ! ಕೇರಳದ ಪಾಂಬಾರ್ ನದಿಯ ಮೀನಿಗೆ ಮೊದಲೇ ಇಟ್ಟಿದ್ದ ‘ಟಾರ್ ರೆಮದೇವಿ’ ಎಂಬ ಹೆಸರೇ ಇದಕ್ಕೂ ಸಲ್ಲುವುದೆಂದು, ಮೋಯಾರ್ ನದಿಯಲ್ಲಿ ದೊರೆತ ಮೀನುಗಳನ್ನು ಪರೀಕ್ಷಿಸಿ ವಿಜ್ಞಾನಿಗಳು ತೋರಿಸಿದರು. ಅದೇ ವರ್ಷ ಅದನ್ನು ವಿನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿಸಲಾಯಿತು. ನಾಮಕರಣವೂ ಅಂತ್ಯದ ಸೂಚನೆಯೂ ಒಂದೇ ವರ್ಷದಲ್ಲಿ!

ಅದು ಏಕೆ ಕ್ಷೀಣಿಸಿತು? ಸಿಡಿಮದ್ದಿನಿಂದ ಮೀನು ಕೊಲ್ಲುವವರುಂಟು, ಅಣೆಕಟ್ಟುಗಳುಂಟು, ಮರಳು ತೆಗೆಯುವವರುಂಟು. ಆದರೆ ಕಾರಣಗಳಲ್ಲಿ ಒಂದು ಪ್ರೀತಿಯಿಂದಲೇ ಹುಟ್ಟಿದುದು. ಮೀನು ಕಡಿಮೆಯಾಯಿತೆಂದು ಮರುಗಿದವರು ಮಹಾರಾಷ್ಟ್ರದ ಲೋನಾವಳದಲ್ಲಿ ಮರಿಮಾಡಿಸಿದ ನೀಲಿ ರೆಕ್ಕೆಯ ಮಹಶೀರನ್ನು ತಂದು ಕಾವೇರಿಗೆ ಬಿಟ್ಟರು. 1998ರಿಂದ 2012ರವರೆಗೆ ಗಾಳಿಬೋರೆಯಲ್ಲಿ ಗಾಳಗಾರರು, ಹಿಡಿದು ಮರಳಿ ಬಿಟ್ಟ ಮೀನುಗಳ ಲೆಕ್ಕವನ್ನು ಬರೆದಿಟ್ಟಿದ್ದರು. ವಿಜ್ಞಾನಿಗಳು ಅದನ್ನು ತೆಗೆದು ನೋಡಿದಾಗ, ತಂದುಬಿಟ್ಟದ್ದು ಹೆಚ್ಚುತ್ತ, ಊರಿನದು ಕರಗುತ್ತ ಬಂದುದು ಕಂಡಿತು. “ಎರಡೂ ಮಹಶೀರ್ ತಾನೇ ಅಂದರು ಮೇಷ್ಟ್ರೇ. ರೆಕ್ಕೆಯ ಬಣ್ಣ ಯಾವುದು ಅಂತ ಯಾರೂ ನೋಡಲಿಲ್ಲ” ಎಂದು ಹೇಳಿ ವೃದ್ಧರು ಸುಮ್ಮನಾದರು.

ಆ ಮಾತು ನನ್ನ ಪ್ರಶ್ನೆಯನ್ನು ತಿರುಗಿಸಿ ನನ್ನ ಮುಂದೆಯೇ ಇಟ್ಟಿತು. ಕೊಲ್ಲುವ ಕೈಯಿಂದ ಕೇಡಾಗುವುದು ಸ್ಪಷ್ಟ. ನೋಡದೆ ಉಪಕಾರಮಾಡುವ ಕೈಯಿಂದಲೂ ಕೇಡಾಗುವುದೆಂಬುದು ಅಷ್ಟು ಸ್ಪಷ್ಟವಲ್ಲ. ಶೃಂಗೇರಿಯ ತುಂಗೆಯಲ್ಲಿಯೂ ರಾಮನಾಥಪುರದ ಕಾವೇರಿಯಲ್ಲಿಯೂ ದೇವರ ಮೀನುಗಳಿಗೆ ನಾವು ಪುರಿಯನ್ನು ಎರಚಿ ಪುಣ್ಯ ಬಂದಿತೆಂದು ಮನೆಗೆ ಹೋಗುತ್ತೇವೆ. ಆ ರಕ್ಷಣೆಯು ದೊಡ್ಡದು, ಅದು ಇರಲೇಬೇಕು. ಆದರೆ ಅಲ್ಲಿ ನಿಂತು ಆ ಮೀನಿನ ಹುರುಪೆ ಎಷ್ಟಗಲ, ಬಾಯಿ ಯಾವ ಕಡೆಗೆ ಬಾಗಿದೆ ಎಂದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ತೊಗಲಿನವರ ಕಸಬಿನ ತಿರುಳು ಈ ನೋಟವೇ. ಅಹಿಂಸೆಗೂ ಇಂತಹ ನೋಟವು ಬೇಕು. ಇಲ್ಲದಿದ್ದರೆ ಅದು ಕಣ್ಣಿಲ್ಲದ ಕರುಣೆಯಾಗುವುದು.

ಈಗ ವೃದ್ಧರಿಗೆ ದೃಷ್ಟಿ ಮಂದವಾಗಿದೆ. ಕೋಲು ಬೀಸುವ ತೋಳಿನಲ್ಲಿ ಬಲವಿದೆ. ನೊಣ ಕಟ್ಟುವ ಬೆರಳಿಗೆ ಕಣ್ಣಿನ ನೆರವಿಲ್ಲ. ಈ ವಿದ್ಯೆಯನ್ನು ಕಲಿಯುವುದಕ್ಕೆ ಒಬ್ಬ ಹುಡುಗನನ್ನು ಹುಡುಕಿಕೊಡಿರೆಂದು ಕೇಳಿದರು. ಮೂರು ತಿಂಗಳು ಹುಡುಕಿದೆನು, ಯಾರೂ ಬರಲಿಲ್ಲ. ಕಡೆಗೆ, ಮೀನನ್ನು ಮುಟ್ಟದ, ತಿನ್ನದ ನಾನೇ ಕುಳಿತೆನು. ಮನೆಯಲ್ಲಿ ಆಕ್ಷೇಪಣೆಯೂ ಆಯಿತು. ನಾನು ಒಂದೇ ನಿಬಂಧನೆಯನ್ನು ಹಾಕಿದೆನು: ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಬೇಕು, ಹಿಡಿದ ಮೀನನ್ನು ಬಿಡಬೇಕು. “ನಾನು ಬಿಡೋಕೆ ಶುರುಮಾಡಿ ಮೂವತ್ತು ವರ್ಷ ಆಯ್ತು ಮೇಷ್ಟ್ರೇ” ಎಂದು ಅವರು ನಕ್ಕರು. ಜೇನುಮೇಣ ಸವರಿದ ದಾರವನ್ನು ಅವರು ಹೇಳಿದಂತೆ ಸುತ್ತುತ್ತೇನೆ. ಬಿಗಿಯು ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬುದನ್ನು ಅವರು ಹೆಬ್ಬೆರಳಿನಿಂದ ಮುಟ್ಟಿಯೇ ಹೇಳುತ್ತಾರೆ.

ವಾಚಕ ಮಹಾಶಯರಲ್ಲಿ ನನ್ನದೊಂದು ವಿಜ್ಞಾಪನೆ. ತಮ್ಮ ತಮ್ಮ ಊರುಗಳಲ್ಲಿ ತೊಗಲು, ಮರ, ನಾರು, ಬಲೆಗಳ ಕೆಲಸದಲ್ಲಿ ಆಯುಸ್ಸು ಸವೆಸಿದ ಹಿರಿಯರಿರುವರು. ಅವರ ನಿಘಂಟಿನಲ್ಲಿರುವ ಮಾತುಗಳು ನಮ್ಮ ಕೋಶಗಳಲ್ಲಿಲ್ಲ. ಅವರು ಇರುವಾಗಲೇ ಹತ್ತಿರ ಹೋಗಿ ಕುಳಿತು, ಮೂಗು ಮುಚ್ಚಿಕೊಳ್ಳದೆ, ಕೇಳಿ ಬರೆದುಕೊಳ್ಳಬೇಕು. ಈ ಪತ್ರಿಕೆಯ ಪುಟಗಳಿಗೆ ಅದಕ್ಕಿಂತ ಒಳ್ಳೆಯ ಉಪಯೋಗವು ನನಗೆ ತೋರುವುದಿಲ್ಲ.