ಕುದುರೆಯ ಹೊಟ್ಟೆ ಮೊದಲು

ಅಮೆರಿಕದ ಅಂತರ್ಯುದ್ಧ ಅಂದಕೂಡಲೇ ಕತ್ತಿ ಹಿರಿದು ನುಗ್ಗುವ ರಾವುತರೇ ಕಣ್ಣಮುಂದೆ ಬರುತ್ತಾರೆ. ಆದರೆ ಅವರ ಬದುಕಿನ ಬಹುಪಾಲು ಕಳೆದದ್ದು ಬಿಡಾರದಲ್ಲಿ, ಲದ್ದಿ ಬಾಚುತ್ತಾ. ಬೆಳಗ್ಗೆ ಕಹಳೆ ಮೊಳಗಿದರೆ ಮೊದಲು ಕುದುರೆಗೆ ಮೇವು. ಮೈ ಉಜ್ಜಬೇಕು, ಒಂದೊಂದೇ ಕಾಲೆತ್ತಿ ಗೊರಸಿನ ಕೆಸರು ಕೆರೆಯಬೇಕು. ತನ್ನ ಕಾಫಿ, ಹಲ್ಲಿಗೆ ಬಗ್ಗದ ಗಟ್ಟಿ ಬಿಸ್ಕತ್ತು ಎಲ್ಲ ಆಮೇಲೆ. ಉತ್ತರದ ಸೇನೆಯಲ್ಲಿ ಕುದುರೆಯೊಂದಕ್ಕೆ ದಿನಕ್ಕೆ 14 ಪೌಂಡ್ ಒಣಹುಲ್ಲು, 12 ಪೌಂಡ್ ಕಾಳು ಅಂತ ನಿಯಮವಿತ್ತು. ಮಳೆಗೆ ದಾರಿ ಕೆಟ್ಟು ಬಂಡಿಗಳು ಹೂತರೆ ನಿಯಮ ಕಾಗದದಲ್ಲೇ ಉಳಿಯುತ್ತಿತ್ತು.

ನನ್ನನ್ನು ಹೆಚ್ಚು ಕಾಡುವುದು ದಕ್ಷಿಣದವರ ಪಾಡು. ಅಲ್ಲಿ ಸವಾರ ತನ್ನ ಕುದುರೆಯನ್ನು ತಾನೇ ಮನೆಯಿಂದ ತರಬೇಕಿತ್ತು. ಸರ್ಕಾರ ಕೊಡುತ್ತಿದ್ದ ಬಾಡಿಗೆ ದಿನಕ್ಕೆ 40 ಸೆಂಟ್. ಕುದುರೆ ಕಾಳಗದಲ್ಲಿ ಗುಂಡಿಗೆ ಸತ್ತರೆ ಪರಿಹಾರ ಉಂಟು. ಬಿಡಾರದಲ್ಲಿ ಹಸಿವಿಗೋ ರೋಗಕ್ಕೋ ಸತ್ತರೆ ಬಿಡಿಗಾಸೂ ಇಲ್ಲ. ಬೇರೊಂದನ್ನು ಹೊಂದಿಸಲು ರಜೆ ಹಾಕಿ ಊರಿಗೆ ಹೋಗಬೇಕು, ಸಿಗದಿದ್ದರೆ ಕಾಲಾಳುಗಳ ಸಾಲಿಗೆ ಸೇರಬೇಕು. ಮೇವು ಒದಗಿಸಲಾಗದ ಸರ್ಕಾರ ನಷ್ಟವನ್ನು ಮಾತ್ರ ಸಿಪಾಯಿಯ ತಲೆಗೆ ಕಟ್ಟಿತು. ಇದು ಶುದ್ಧ ಅನ್ಯಾಯ.